ಮಾವನ ಮೇಲೆ ಮಾವ

"ನನ್ನ ತಲೆ ಹಿಂದೆ ಅವನ ಕಿವಿ ಯಾಕಯ್ಯಾ ಕಾಣ್ತಾ ಐತೆ? ಅದೂ ಎರಡೂ ಕಡೆ! ನನಗೇನು ನಾಲ್ಕು ಕಿವಿ ಐತೇನಯ್ಯಾ?"

"ಕಿವಿ ಒಂದೇ ಅಲ್ಲ ಸ್ವಾಮಿ, ಕೆಳಗೆ ನೋಡಿ, ಹೊಟ್ಟೇನೂ ಐತೆ," ಎಂದ ಚಿದಂಬರ. "ಕೂಗಾಡಿದ್ರೆ ಅದೇನು ಕರಗ್ತದಾ?"

"ಕೂಗಾಡ್ದೆ ಮುತ್ತು ಕೊಡ್ಲಾ? ಗಂಡಸಿಯಿಂದ ಕರೆಸಿ, ಆ ರಾಜಶೇಖರನ ಮೈಮೇಲೆ ನನ್ನನ್ನ ಗೋಡೆಗೆ ಪೋಸ್ಟರ್ ಮೆತ್ತಿದಂಗೆ ಮೆತ್ತಿದ್ದೀಯಲ್ಲಯ್ಯಾ! ಥೂ!"

ಕೂಗುತ್ತಿದ್ದವನು ಇಂದುಧರಪ್ಪ. ಗಂಡಸಿಯ ತೆಂಗಿನ ತೋಟದವನು, ಒಣಗಿದ ಸೋಗೆಯಂಥ ಮೈ, ಮೈಗೆ ಸಂಬಂಧವೇ ಇಲ್ಲದಂಥ ಗಂಟಲು. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಮಹಡಿ ಮೇಲಿದ್ದ ಚಿದಂಬರನ ಸ್ಟುಡಿಯೋದ ಗಾಜು ಆ ಗಂಟಲಿಗೆ ಅದುರುತ್ತಿತ್ತು. ಚಿದಂಬರನೂ ಕಡಿಮೆಯವನಲ್ಲ. ಮದುವೆ ವಿಡಿಯೋ ತೆಗೆಯುತ್ತಾ ಕೂದಲು ಬೆಳ್ಳಗಾದವನು. ನಗಿ ನಗಿ ಎಂದು ಬೈದು ಬೈದು ಗಂಡು ಹೆಣ್ಣುಗಳನ್ನು ನಗಿಸಿದವನು. ಇಬ್ಬರ ನಡುವೆ ಕಂಪ್ಯೂಟರಿನ ಮುಂದೆ ಕೂತಿದ್ದ ಪ್ರತಿಮಾ, ಅವನಲ್ಲಿ ಎಡಿಟಿಂಗ್ ಮಾಡುವ ಹುಡುಗಿ, ಕಿವಿಗೆ ಹಾಕಿದ ಹೆಡ್‌ಫೋನು ತೆಗೆಯದೆ ಪರದೆ ನೋಡುತ್ತಿದ್ದಳು. ಅದರಲ್ಲಿ ಹಾಡೇನೂ ಬರುತ್ತಿರಲಿಲ್ಲ.

ಪರದೆಯ ಮೇಲೆ ಬೇಲೂರಿನ ಕಲ್ಯಾಣಮಂಟಪ. ಕೆಂಪು ರೇಷ್ಮೆಯುಟ್ಟು ತಲೆ ತಗ್ಗಿಸಿ ಹಸೆಮಣೆಯ ಕಡೆಗೆ ನಡೆಯುತ್ತಿರುವ ಅಕ್ಷತಾ. ಅವಳ ಪಕ್ಕದಲ್ಲಿ ಇಂದುಧರಪ್ಪ. ಇಂದುಧರಪ್ಪನ ಹಿಂದಿನಿಂದ, ತುಂಬಿದ ಚೀಲದ ಬಾಯಿಂದ ರಾಗಿ ಸುರಿದಂತೆ, ಎಡಕ್ಕೂ ಬಲಕ್ಕೂ ಉಕ್ಕಿ ಬರುತ್ತಿರುವ ಬಸ್ತಿಹಳ್ಳಿಯ ರಾಜಶೇಖರ. ಸಾಲದ್ದಕ್ಕೆ ಇಂದುಧರಪ್ಪ ನಡೆಯುತ್ತಲೂ ಇರಲಿಲ್ಲ. ತಳ್ಳುಗಾಡಿಯ ಮೇಲೆ ನಿಲ್ಲಿಸಿ ಯಾರೋ ನೂಕುತ್ತಿರುವ ಹಾಗೆ ಜಾರಿ ಬರುತ್ತಿದ್ದ.

ಈ ಫಜೀತಿಗೆಲ್ಲ ಕಾರಣ ಅಕ್ಷತಾಳ ಮದುವೆ. ಅವಳು ಕೆಳಗಿನ ಮಂಡಿಯ ಯಜಮಾನರ ಮಗಳು, ಅನುಸೂಯಮ್ಮನ ಒಬ್ಬಳೇ ಮಗಳು. ಇಂದುಧರಪ್ಪ ಅನುಸೂಯಮ್ಮನ ಒಬ್ಬನೇ ತಮ್ಮ. ಅವರ ಪದ್ಧತಿಯಲ್ಲಿ ಮದುವೆ ಹೆಣ್ಣನ್ನು ಕೈಹಿಡಿದು ಹಸೆಗೆ ತರಬೇಕಾದವನು ಸೋದರಮಾವ. ಆದರೆ ಸೋದರಮಾವ ತಾನಾಗಿ ಎದ್ದು ಬರುವ ಹಾಗಿಲ್ಲ. ಮನೆಯವರು ಎಲೆ ಅಡಿಕೆ ಹಿಡಿದು ಅವನಿದ್ದಲ್ಲಿಗೆ ಹೋಗಿ ಕರೆಯಬೇಕು. ಇಂದುಧರಪ್ಪ ಹೊಸ ಪಂಚೆ, ಜರಿ ಶಲ್ಯ ತೊಟ್ಟು ಛತ್ರದ ಮಹಡಿ ಕೋಣೆಯಲ್ಲಿ ಕೂತ. ಹೆಂಡತಿ ಕರೆದಿರುತ್ತಾಳೆ ಎಂದು ಯಜಮಾನರು ಸುಮ್ಮನಾದರು. ಗಂಡ ಕರೆದಿರುತ್ತಾರೆ ಎಂದು ಅನುಸೂಯಮ್ಮ ಅಡಿಗೆಮನೆಗೆ ಓಡಿದಳು. ಮುಹೂರ್ತ ಮೀರುತ್ತದೆ ಎಂದು ಅಯ್ಯನವರು ಕೂಗಿದಾಗ, ಯಾರೋ ಪುಣ್ಯಾತ್ಮ ಅಲ್ಲೇ ಕಂಬಕ್ಕೊರಗಿ ನಿಂತಿದ್ದ ರಾಜಶೇಖರನನ್ನು ಮುಂದಕ್ಕೆ ನೂಕಿದ. ರಾಜಶೇಖರ ಹುಡುಗಿಯ ಸೋದರತ್ತೆಯ ಗಂಡ. "ಇವರೂ ಮಾವನೇ ಅಲ್ವಾ, ನಡೀರಿ ನಡೀರಿ!"

ಓಲಗದ ಸದ್ದು ಮಹಡಿಗೆ ಕೇಳಿಸಿತು. ಇಂದುಧರಪ್ಪ ಹಿಂದಿನ ಮೆಟ್ಟಿಲಿಳಿದು ಬೈಕು ಹತ್ತಿದ. ಆಮೇಲೆ ಅಕ್ಕನ ಫೋನು ಎತ್ತಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅನುಸೂಯಮ್ಮ ಅತ್ತುಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಗಂಡಿನ ಮನೆ ಹಳೇಬೀಡು. ಅಲ್ಲಿ ಗಂಡಿನ ಅಜ್ಜಿ ವಿಶಾಲಮ್ಮ, ಮಾತಿನಲ್ಲೇ ಚಿವುಟುವ ಮುದುಕಿ, ಫೋನು ಮಾಡಿದಾಗಲೆಲ್ಲ "ಅಲ್ಲಮ್ಮಾ, ನಿಮ್ಮ ತೌರಲ್ಲಿ ಗಂಡು ದಿಕ್ಕು ಅನ್ನೋದೇ ಇಲ್ವಾ?" ಎಂದು ಕೇಳುತ್ತಿದ್ದಳು. ಬರುವ ಭಾನುವಾರ ನೆಂಟರನ್ನೆಲ್ಲ ಕರೆದು, ಊಟ ಹಾಕಿ, ಮದುವೆಯ ವಿಡಿಯೋ ತೋರಿಸುವುದೆಂದು ಆ ಮನೆಯವರು ಗೊತ್ತು ಮಾಡಿದ್ದರು. ಅನುಸೂಯಮ್ಮ ಮಹಡಿ ಹತ್ತಿ ಬಂದು ಚಿದಂಬರನ ಮುಂದೆ ನಿಂತಳು.

"ಅದ್ರಲ್ಲಿ ನನ್ನ ತಮ್ಮ ಇರ್ಬೇಕು ಚಿದಂಬರಪ್ಪ. ಏನಾದ್ರೂ ಮಾಡಿ."

ಚಿದಂಬರನ ಬಾಯಿ ಯಾವಾಗಲೂ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ. "ಅದ್ಯಾವ ದೊಡ್ಡ ವಿಷ್ಯಾ ಅಕ್ಕ, ಕಂಪ್ಯೂಟರಲ್ಲಿ ಆಗದೇ ಇರೋದು ಯಾವ್ದೈತೆ?" ಎಂದುಬಿಟ್ಟ. ಹಸಿರು ಬಟ್ಟೆಯ ಮುಂದೆ ಒಬ್ಬರನ್ನು ನಿಲ್ಲಿಸಿ ತೆಗೆದರೆ, ಕಂಪ್ಯೂಟರು ಹಸಿರನ್ನೆಲ್ಲ ಕಿತ್ತುಹಾಕಿ ಮನುಷ್ಯನನ್ನು ಮಾತ್ರ ಉಳಿಸಿಕೊಡುತ್ತದೆ; ಅವನನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಈ ವಿದ್ಯೆಯಿಂದ ಚಿದಂಬರ ಎಷ್ಟೋ ಮಕ್ಕಳನ್ನು ಹುಟ್ಟುಹಬ್ಬಕ್ಕೆ ಚಂದ್ರನ ಮೇಲೆ ಕೂರಿಸಿದ್ದ. ಒಬ್ಬ ಮಾವನನ್ನು ಬೇಲೂರಿನಲ್ಲಿ ನಿಲ್ಲಿಸುವುದೇನು ಮಹಾ?

ಇಂದುಧರಪ್ಪನಿಗೆ ಫೋನು ಮಾಡಿದವನೂ ಅವನೇ. ಬಹಳ ಹೊತ್ತು ಬೈಸಿಕೊಂಡ ಮೇಲೆ ಆ ಕಡೆಯಿಂದ ಒಂದು ಮಾತು ಬಂತು: "ನೋಡಯ್ಯ, ಅದ್ರಲ್ಲಿ ನಾನೇ ನನ್ನ ಸೊಸೇನ ಕರ್ಕೊಂಡು ಬರೋದು ನೆಟ್ಟಗೆ ಕಂಡ್ರೆ ಭಾನುವಾರ ಹಳೇಬೀಡಿಗೆ ಬತ್ತೀನಿ. ಇಲ್ಲ ಅಂದ್ರೆ ಈ ಜನ್ಮದಲ್ಲಿ ಅಕ್ಕನ ಮನೆ ಹೊಸಿಲು ತುಳಿಯಲ್ಲ. ಹೇಳ್ಬಿಡು ಅವಳಿಗೆ."

ಇದನ್ನು ಕೇಳಿದ ದಿನದಿಂದ ಅನುಸೂಯಮ್ಮ ಹೊತ್ತು ಹೊತ್ತಿಗೆ ಮಹಡಿಗೆ ಕಾಫಿ ಕಳಿಸುತ್ತಿದ್ದಳು. ಪ್ರತಿ ಲೋಟಕ್ಕೂ ಚಿದಂಬರ ಭಾನುವಾರಕ್ಕೆ ಇನ್ನೆಷ್ಟು ದಿನವೆಂದು ಬೆರಳೆಣಿಸುತ್ತಿದ್ದ.

ಈಗ ನೋಡಿದರೆ ನಾಲ್ಕು ಕಿವಿ.

"ಸರ್," ಎಂದಳು ಪ್ರತಿಮಾ, ಹೆಡ್‌ಫೋನು ಕೆಳಗಿಳಿಸಿ. "ನಾನು ಮೊದಲೇ ಹೇಳಿದ್ದೆ. ನಮ್ಮ ಸಾಫ್ಟ್‌ವೇರ್‌ಗೆ ಮನುಷ್ಯನ್ನ ಅಳಿಸೋಕೆ ಬರಲ್ಲ. ಮುಚ್ಚೋಕೆ ಮಾತ್ರ ಬರುತ್ತೆ. ಹೊಸದು ಹಾಕಿದ್ರೆ ಅಳಿಸುತ್ತೆ, ಆದ್ರೆ ಅದು ಈ ಕಂಪ್ಯೂಟರಲ್ಲಿ ಓಪನ್ ಆಗಲ್ಲ. ತನ್ನ ಹೆಸರು ತೋರಿಸುತ್ತೆ, ಯೋಚನೆ ಮಾಡುತ್ತೆ, ಮುಚ್ಕೊಳುತ್ತೆ."

"ಅಂದ್ರೆ?"

"ಅಂದ್ರೆ ರಾಜಶೇಖರ್ ಅಂಕಲ್ ಅಲ್ಲೇ ಇರ್ತಾರೆ. ಅವರನ್ನ ಪೂರ್ತಿ ಮುಚ್ಚೋ ಅಷ್ಟು ಇವರು ಅಗಲ ಇರ್ಬೇಕು. ಇವರನ್ನ ಎಳೆದು ದೊಡ್ಡದು ಮಾಡಿದ್ರೆ ತಲೆ ತೋರಣಕ್ಕೆ ತಾಗುತ್ತೆ."

ಇಂದುಧರಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅವನನ್ನ ಮುಚ್ಚಕ್ಕೆ ನಾನು ದಪ್ಪ ಆಗ್ಬೇಕಾ? ಭಾನುವಾರದೊಳಗೆ?"

"ದಪ್ಪ ಆಗ್ಬೇಡಿ, ದಪ್ಪ ಕಾಣಿ ಸಾಕು," ಎಂದ ಚಿದಂಬರ. ಬಾಯಿ ಮತ್ತೆ ಮುಂದೆ ಹೋಗಿತ್ತು. ಆದರೆ ಈ ಸಲ ಬುದ್ಧಿಯೂ ಓಡಿ ಬಂದು ಕೂಡಿಕೊಂಡಿತು.

ಅಂದು ಶುಕ್ರವಾರ. ಬಾಗಿಲು ಹಾಕಿದ ಸ್ಟುಡಿಯೋದೊಳಗೆ ಇಂದುಧರಪ್ಪನಿಗೆ ಎರಡು ಸ್ವೆಟರು ತೊಡಿಸಿ, ಹೊಟ್ಟೆಗೆ ದಿಂಬು ಕಟ್ಟಿ, ಭುಜಕ್ಕೆ ಕೆಳಗಿನ ಮಂಡಿಯಿಂದ ತಂದ ಗೋಣಿಚೀಲ ಮಡಿಸಿಟ್ಟು, ಮೇಲೆ ಚಿದಂಬರನದೇ ದೊಡ್ಡ ಜುಬ್ಬ ಹಾಕಿದರು. ಕಿವಿಗಳ ಸಮಸ್ಯೆಗೆ ಒಂದು ಜರಿ ಪೇಟ ಸುತ್ತಿದರು. ಕನ್ನಡಿಯಲ್ಲಿ ನೋಡಿಕೊಂಡ ಇಂದುಧರಪ್ಪ ಮೊದಲು ಬೈದ. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿಕೊಂಡ. "ಇದೇನು, ನಮ್ಮ ತಾತನಂಗೆ ಕಾಣ್ತೀನಿ," ಎಂದ. ಮುಖದಲ್ಲಿ ಒಂಚೂರು ಗತ್ತು ಬಂತು.

ಮುಂದಿನದು ಕೈ. ಹುಡುಗಿಯ ಮುಂಗೈ ಹಿಡಿದಿದ್ದ ರಾಜಶೇಖರನ ಕೈ ಉಂಗುರ ಸಮೇತ ಎದ್ದು ಕಾಣುತ್ತಿತ್ತು. ಅದನ್ನು ಮುಚ್ಚಲು ವೀಳ್ಯದೆಲೆ ಸುತ್ತಿದ ತೆಂಗಿನಕಾಯಿ ಹಿಡಿಸಿದರಾಯಿತು, ಲಕ್ಷಣವಾಗಿಯೂ ಇರುತ್ತದೆ ಎಂದು ಚಿದಂಬರ ಯೋಚಿಸಿದ. ಪ್ರತಿಮಾ ಒಂದು ಪರೀಕ್ಷೆ ಮಾಡಿ ನೋಡಿದಳು. ಕಂಪ್ಯೂಟರು ಹಸಿರೆಲ್ಲ ನನ್ನದೇ ಎಂದು ವೀಳ್ಯದೆಲೆಯನ್ನೂ ಮೇಯ್ದುಬಿಟ್ಟಿತ್ತು. ತೆಂಗಿನಕಾಯಿ ಗಾಳಿಯಲ್ಲಿ ತೇಲುತ್ತಿತ್ತು. ಎಲೆ ಇರಬೇಕಾದ ಜಾಗದಿಂದ ರಾಜಶೇಖರನ ಉಂಗುರ ಮಿಂಚುತ್ತಿತ್ತು.

"ಹಣ್ಣಾದ ಎಲೆ ತರ್ಸಿ," ಎಂದ ಚಿದಂಬರ. "ಹಳದಿ ಆದ್ರೆ ಬಿಡುತ್ತೆ."

"ಏನಂದೆ?" ಇಂದುಧರಪ್ಪ ಎದ್ದು ನಿಂತ. ದಿಂಬು ಜಾರಿ ತೊಡೆಗೆ ಬಂತು. "ಸೊಸೆ ಮದುವೇಲಿ ನಾನು ಹಣ್ಣೆಲೆ ಹಿಡೀಬೇಕಾ? ಅಂಗಡೀಲಿ ಬಿಸಾಕೋ ಎಲೇನಾ? ಆ ಹಳೇಬೀಡಿನ ಮುದುಕಿ ಮುಂದೆ? ನಾನು ಹೊರಟೆ."

"ಹೋಗಿ ಸ್ವಾಮಿ, ದಿಂಬು ಬಿಟ್ಟು ಹೋಗಿ, ನಮ್ಮನೇದು!"

ಬಾಗಿಲು ತೆಗೆದರೆ ಹೊರಗೆ ಅನುಸೂಯಮ್ಮ ನಿಂತಿದ್ದಳು. ಮದುವೆಯಾದ ಮೇಲೆ ಅಕ್ಕ ತಮ್ಮ ಮುಖಾಮುಖಿಯಾದದ್ದು ಅದೇ ಮೊದಲು. ಇಂದುಧರಪ್ಪ ಗೋಡೆ ನೋಡಿದ. ಅನುಸೂಯಮ್ಮ ತಮ್ಮನ ಹೊಟ್ಟೆ ನೋಡಿದಳು. ನಗು ಬಂದರೂ ನುಂಗಿಕೊಂಡು, ಚೀಲದಿಂದ ಒಂದು ಕೆಂಪು ರವಿಕೆ ಕಣ ತೆಗೆದು ತೆಂಗಿನಕಾಯಿಗೆ ಸುತ್ತಿ ಪ್ರತಿಮಾಳ ಕೈಗೆ ಕೊಟ್ಟಳು. ಕೆಂಪನ್ನು ಕಂಪ್ಯೂಟರು ಮುಟ್ಟಲಿಲ್ಲ. ಇಂದುಧರಪ್ಪ ಮತ್ತೆ ಕೂತ.

ಉಳಿದದ್ದು ನಡಿಗೆ. ಚಿದಂಬರ ಮದುವೆಯ ದಿನ ಕ್ಯಾಮೆರಾ ಹೊತ್ತು, ಹೆಣ್ಣಿನ ಎದುರಿಗೆ ಹಿಮ್ಮುಖವಾಗಿ ನಡೆಯುತ್ತಾ ತೆಗೆದಿದ್ದ. ಹೊತ್ತವನು ಅಲುಗಾಡಿದಂತೆ ಚಿತ್ರವೂ ಅಲುಗಾಡಿತ್ತು. ಇಂದುಧರಪ್ಪ ಮಾತ್ರ ಅಲುಗಾಡದೆ ನಿಂತರೆ ಜಾರಿದಂತೆಯೇ ಕಾಣುತ್ತದೆ. ಅದನ್ನು ಹೊಂದಿಸುವುದೂ ಆ ಸಾಫ್ಟ್‌ವೇರಿಗೆ ಬರುತ್ತಿರಲಿಲ್ಲ.

"ಅದಕ್ಕೆ ಬರದಿದ್ರೆ ನನಗೆ ಬರುತ್ತೆ," ಎಂದ ಚಿದಂಬರ. "ಆವತ್ತು ಹೆಂಗೆ ನಡೆದ್ನೋ ಹಂಗೇ ನಡೀತೀನಿ. ಓಲಗ ಹಾಕು, ಅದರ ತಾಳಕ್ಕೆ."

ಸ್ಟುಡಿಯೋದಲ್ಲಿ ಜಾಗ ಸಾಲದು. ಮಂಡಿಯ ಉದ್ದನೆಯ ಪಡಸಾಲೆಯಲ್ಲಿ, ಕೊಬ್ಬರಿ ಮೂಟೆಗಳ ಮುಂದೆ ಹಸಿರು ಬಟ್ಟೆ ಇಳಿಬಿಟ್ಟರು. ಬಟ್ಟೆ ಅರ್ಧಕ್ಕೇ ಮುಗಿಯಿತು. ಮಿಕ್ಕಿದ್ದಕ್ಕೆ ಇಂದುಧರಪ್ಪನ ತೋಟದಿಂದ, ತೆಂಗಿನ ಸಸಿಗೆ ನೆರಳು ಕಟ್ಟುವ ಹಸಿರು ಬಲೆ ಬಂತು. ಎರಡು ಹಸಿರು ಎರಡು ಬಗೆ ಎಂದು ಪ್ರತಿಮಾ ಗೊಣಗಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಹೆಣ್ಣಿನ ಜಾಗಕ್ಕೆ ಯಾರಾದರೂ ಬೇಕಿತ್ತು. ಇಲ್ಲದಿದ್ದರೆ ಇಂದುಧರಪ್ಪ ಹಿಡಿದ ಕೈ ಅಕ್ಷತಾಳ ಮೊಣಕೈಗೋ ಮೂಗಿಗೋ ಹೋಗಿ ಕೂರುತ್ತಿತ್ತು. ಹಾಗೆ ನಿಂತವರು ಕಾಣಿಸಲೂ ಬಾರದು. ಅಂದರೆ ತಲೆಯಿಂದ ಕಾಲಿನವರೆಗೆ ಹಸಿರು ಬಟ್ಟೆ ಹೊದ್ದು ನಡೆಯಬೇಕು. ಪ್ರತಿಮಾ ಕುಳ್ಳಿ. ಅಕ್ಷತಾಳ ಎತ್ತರಕ್ಕೆ ಸರಿಯಾಗಿದ್ದವಳು ಅವಳ ತಾಯಿ ಒಬ್ಬಳೇ.

"ಹೊದಿಸಿ," ಎಂದಳು ಅನುಸೂಯಮ್ಮ.

ಸ್ಪೀಕರಿನಿಂದ ಓಲಗ ಶುರುವಾಯಿತು. ಬೀದಿಯಲ್ಲಿ ಹೋಗುತ್ತಿದ್ದವರು ಮದುವೆ ಮನೆಯೆಂದು ಒಳಗೆ ಇಣುಕಿದರು. ಹಮಾಲರು ಮೂಟೆಗಳ ಮೇಲೆ ಹತ್ತಿ ಕೂತರು. ದಿಂಬು ಕಟ್ಟಿಕೊಂಡ ಒಬ್ಬ ಗಂಡಸು ಹಸಿರು ಭೂತವೊಂದರ ಕೈ ಹಿಡಿದು ಬರುತ್ತಿದ್ದಾನೆ. ಎದುರಿಗೆ ಕ್ಯಾಮೆರಾ ಹೊತ್ತ ಇನ್ನೊಬ್ಬ ಹಿಮ್ಮುಖವಾಗಿ ನಡೆಯುತ್ತಿದ್ದಾನೆ.

"ಸರ್, ಇಲ್ಲಿ ಎಡವಿ!" ಎಂದು ಕೂಗಿದಳು ಪ್ರತಿಮಾ. "ಆವತ್ತು ಕುರ್ಚಿಗೆ ಎಡವಿದ್ರಲ್ಲ, ಅದೇ ಜಾಗ!"

ಚಿದಂಬರ ಎಡವಿದ. ಸಾಲದು ಎಂದಳು. ಮತ್ತೆ ಮೊದಲಿನಿಂದ ಬಂದು, ಸರಿಯಾಗಿ ಎಡವಿ, ಒಂದು ಮೂಟೆಯ ಮೇಲೆ ಕೂತೇಬಿಟ್ಟ. ಹಮಾಲರು ಚಪ್ಪಾಳೆ ತಟ್ಟಿದರು. "ನಿಮ್ಮಪ್ಪನ ಮದುವೆಯೇನ್ರೋ ಇದು!" ಎಂದು ಅವರ ಮೇಲೆ ಹರಿಹಾಯ್ದು ಎದ್ದ. ಆದರೆ ತೊಂದರೆ ಇದ್ದದ್ದು ಇಂದುಧರಪ್ಪನ ಮುಖದಲ್ಲಿ. ಪೊಲೀಸರು ಹಿಡಿದುಕೊಂಡು ಹೋಗುವವನ ಮುಖ. ಎಷ್ಟು ಹೇಳಿದರೂ ಅದೇ.

ಆಗ ಹಸಿರು ಬಟ್ಟೆಯೊಳಗಿಂದ ಮಾತು ಬಂತು.

"ಕೈನ ಹಂಗೆ ಹಿಡೀತಾರೇನೋ? ಕೋಳಿ ಹಿಡಿದಂಗೆ?"

ಇಂದುಧರಪ್ಪ ಹಿಡಿತ ಸಡಿಲಿಸಿದ.

"ನೀನು ಮೇಲೆ ಕೂತು ಎಲೆ ಅಡಿಕೆ ದಾರಿ ನೋಡ್ತಾ ಇದ್ದೆ. ಕೆಳಗೆ ನನಗೆ ನನ್ನ ಸೆರಗು ಎಲ್ಲೈತೆ ಅಂತ್ಲೇ ಗೊತ್ತಿರಲಿಲ್ಲ ಕಣೋ. ನಿನ್ನ ಎತ್ತಿ ಆಡಿಸಿದವಳು ನಾನು. 'ಅಕ್ಕ, ಮುಹೂರ್ತ ಆಯ್ತು' ಅಂತ ನೀನೇ ಇಳಿದು ಬಂದಿದ್ರೆ ನಿನ್ನ ಶಲ್ಯ ಸವೀತಿತ್ತಾ?"

"ಮುಖ ತೋರಿಸಿ ಮಾತಾಡು."

"ತೋರಿಸಿದ್ರೆ ವಿಡಿಯೋದಲ್ಲಿ ಬಂದ್ಬಿಡುತ್ತಂತೆ. ಸುಮ್ನೆ ನಡಿ."

ಇಂದುಧರಪ್ಪ ನಡೆದ. ಓಲಗ ನುಡಿಯುತ್ತಿತ್ತು. ಬಟ್ಟೆಯೊಳಗಿಂದ ಮತ್ತೆ ಬಂತು ದನಿ, ಈ ಸಲ ಸಣ್ಣಗೆ: "ಅವಳು ಹಸೆ ಮೇಲೆ ಕೂತು ನಿನ್ನೇ ಹುಡುಕ್ತಾ ಇದ್ಲು ಕಣೋ. ತಾಳಿ ಕಟ್ಟೋವಾಗ್ಲೂ ಮೆಟ್ಟಿಲ ಕಡೇನೇ ನೋಡ್ತಾ ಇದ್ಲು."

ಇಂದುಧರಪ್ಪನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲು ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಅಕ್ಕ. ಹಾಗೇ ನಡೆದ. ಅಳಬೇಡಿ ಎಂದು ಕೂಗಲು ಚಿದಂಬರ ಬಾಯಿ ತೆರೆದಿದ್ದ. ಪ್ರತಿಮಾ ಹಿಂದಿನಿಂದ ಅವನ ಬೆನ್ನಿಗೆ ಗುದ್ದಿದಳು. ಗುದ್ದಿದ ಜಾಗವೂ ಎಡವಬೇಕಾದ ಜಾಗವೂ ಒಂದೇ ಆಗಿ, ಅವನು ತಕ್ಕಮಟ್ಟಿಗೆ ಎಡವಿ, ಬೀಳದೆ ನಡೆದ. ಹೆಣ್ಣನ್ನು ಹಸೆಗೆ ತರುವ ಮಾವ ಹೇಗೆ ಅಳುತ್ತಾ ಬರಬೇಕೋ ಹಾಗೆ ಬಂದಿದ್ದ ಇಂದುಧರಪ್ಪ. ಮೂಟೆ ಮೇಲಿದ್ದ ಹಮಾಲನೊಬ್ಬ ಮೂಗು ಸೀಟಿಕೊಂಡ.

ಭಾನುವಾರ ಮಧ್ಯಾಹ್ನ ಹಳೇಬೀಡಿನ ಮನೆಯ ನಡುಮನೆಯಲ್ಲಿ ಜನ ಹಿಡಿಸಲಾರದಷ್ಟು. ಟಿವಿಗೆ ಪೆನ್‌ಡ್ರೈವ್ ಹಾಕುವ ಮರ್ಯಾದೆ ಚಿದಂಬರನಿಗೇ ಬಿತ್ತು. ಮುಂದಿನ ಕುರ್ಚಿಯಲ್ಲಿ ವಿಶಾಲಮ್ಮ. ಪಕ್ಕದಲ್ಲಿ ಅನುಸೂಯಮ್ಮ, ಅವಳ ಪಕ್ಕದಲ್ಲೇ, ದಿಂಬಿಲ್ಲದ ಇಂದುಧರಪ್ಪ. ಅಕ್ಷತಾ ಬಂದು ಮಾವನ ಕಾಲಿಗೆ ನಮಸ್ಕರಿಸಿ ಅವನ ಕುರ್ಚಿಯ ಹಿಡಿಗೆ ಒರಗಿ ನಿಂತಳು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ದೊಡ್ಡದೊಂದು ನೆರಳು ಬಿತ್ತು.

ರಾಜಶೇಖರ. ಬಸ್ತಿಹಳ್ಳಿ ಅಲ್ಲೇ ಪಕ್ಕದಲ್ಲಿ. ಅವನ ಹಿಟ್ಟಿನ ಗಿರಣಿಯೂ ಅಲ್ಲೇ. ಹೊಸ ಶರ್ಟು ತೊಟ್ಟು, ಹೆಂಡತಿಯ ಜೊತೆಗೆ, ಗಿರಣಿಗೆ ರಾಗಿ ತಂದಿದ್ದ ಇಬ್ಬರನ್ನೂ ಕರೆತಂದಿದ್ದ. "ಬನ್ರಯ್ಯಾ, ಕೂತ್ಕೊಳಿ. ಹೆಣ್ಣನ್ನ ಕರ್ಕೊಂಡು ಬರೋನು ನಾನೇ. ಆವತ್ತು ಎಲ್ರೂ ಕೈ ಬಿಟ್ಟಿದ್ರು, ಕೊನೇ ಗಳಿಗೇಲಿ ನಾನು ನಿಂತೆ. ನೋಡ್ತಾ ಇರಿ."

ಚಿದಂಬರ ರಿಮೋಟಿಗಾಗಿ ತಡಕಾಡಿದ. ಕಿವಿ ಮುಚ್ಚಿದ್ದಾಯಿತು, ಉಂಗುರ ಮುಚ್ಚಿದ್ದಾಯಿತು. ಈ ಮನುಷ್ಯ ಊಟಕ್ಕೆ ಬರುತ್ತಾನೆಂಬುದು ಮಾತ್ರ ತನಗೂ ಹೊಳೆದಿರಲಿಲ್ಲ, ಅನುಸೂಯಮ್ಮನಿಗೂ ಹೊಳೆದಿರಲಿಲ್ಲ. ವಿಡಿಯೋ ಓಡುತ್ತಿತ್ತು. ಓಲಗ ಬಂತು. ಅಕ್ಷತಾ ಬಂದಳು. ಕಣ್ಣೀರು ಸುರಿಸುತ್ತಾ, ತುಂಬಿದ ಮೈಯ, ಪೇಟ ಸುತ್ತಿದ ಇಂದುಧರಪ್ಪ ಬಂದ. ಒಂದು ಕಿವಿಯೂ ಹೆಚ್ಚಿರಲಿಲ್ಲ.

"ಅಬ್ಬಾ, ಎಷ್ಟು ಲಕ್ಷಣವಾಗಿ ಅಳ್ತಾ ಬತ್ತಾವ್ನೆ ನೋಡಿ!" ಎಂದಳು ವಿಶಾಲಮ್ಮ. "ತೌರಿನ ಗಂಡಸು ಅಂದ್ರೆ ಹಿಂಗಿರ್ಬೇಕು. ನನಗೆ ಆವತ್ತು ಕಣ್ಣಿಗೇ ಬೀಳಲಿಲ್ಲವಲ್ಲಮ್ಮಾ!" ಅನುಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಡೀರಿ, ತಡೀರಿ," ಎಂದ ರಾಜಶೇಖರ ಹಿಂದಿನಿಂದ. "ನಾನು ಬರೋದು ತಪ್ಪೋಯ್ತು. ಒಂಚೂರು ಹಿಂದಕ್ಕೆ ಹಾಕು ಚಿದಂಬರಪ್ಪ."

ಚಿದಂಬರ ಹಿಂದಕ್ಕೆ ಹಾಕಿದ. ಇಂದುಧರಪ್ಪ ಅಳುತ್ತಾ ಬಂದ.

"ಇನ್ನೂ ಹಿಂದಕ್ಕೆ."

ಇನ್ನೂ ಹಿಂದಕ್ಕೆ ಹಾಕಿದ. ಇಂದುಧರಪ್ಪ ಮತ್ತೆ ಅಳುತ್ತಾ ಬಂದ. ರಾಜಶೇಖರ ಎದ್ದು ಮುಂದೆ ಬಂದು, ಕನ್ನಡಕ ಒರೆಸಿ, ಟಿವಿಯ ಹತ್ತಿರಕ್ಕೆ ಬಗ್ಗಿದ. ಹುಡುಗಿಯ ಮುಂಗೈ, ಅದರ ಮೇಲಿನ ಕೆಂಪು ಕಣ ಸುತ್ತಿದ ಕಾಯಿ ನೋಡಿದ. ತನ್ನ ಬೆರಳಿನ ಉಂಗುರ ನೋಡಿಕೊಂಡ. ಗಿರಣಿಯ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚಿದಂಬರಪ್ಪ, ನೀನೇ ತೆಗೆದೋನು. ಇಲ್ಲಿ ನಾನಿದ್ದೆ ಅಲ್ವಾ?"

ಇಂಥ ಹೊತ್ತಿನಲ್ಲಾದರೂ ಬಾಯಿ ಸುಮ್ಮನಿರಬಾರದೇ? "ಈಗ್ಲೂ ಇದ್ದೀರಿ ಸ್ವಾಮಿ," ಎಂದುಬಿಟ್ಟ ಚಿದಂಬರ. "ಎಲ್ಲೂ ಹೋಗಿಲ್ಲ. ಇವರ ಕೆಳಗಡೆ ಇದ್ದೀರಿ."

ಟಿವಿಯಲ್ಲಿ ಓಲಗ ನುಡಿಯುತ್ತಲೇ ಇತ್ತು. ವಿಶಾಲಮ್ಮ ಕನ್ನಡಕದ ಮೇಲಿಂದ ಒಮ್ಮೆ ಇಂದುಧರಪ್ಪನ ಬಡಕಲು ಭುಜವನ್ನೂ ಒಮ್ಮೆ ಟಿವಿಯೊಳಗಿನ ಭುಜವನ್ನೂ ನೋಡಿದಳು.

"ಓ," ಎಂದ ರಾಜಶೇಖರ. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚಿದಂಬರನಿಗೆ ಒಂದು ದಾರಿ ಸಿಗುತ್ತಿತ್ತು. ಜಗಳ ಅವನಿಗೆ ಗೊತ್ತಿದ್ದ ಕೆಲಸ. "ಸರಿ ಬಿಡು. ಗಿರಣಿ ಹಂಗೇ ಬಿಟ್ಟು ಬಂದಿದ್ದೀನಿ. ಒಂದ್ ನಿಮಿಷ ನೋಡ್ಕೊಂಡು ಬತ್ತೀನಿ."

ಇಂದುಧರಪ್ಪ ಕುರ್ಚಿ ಬಿಟ್ಟು ಎದ್ದ. "ರಾಜಶೇಖರಣ್ಣ, ಕೂತ್ಕೊಳಿ. ಊಟ ಆಗ್ಲಿ."

"ಬಂದೆ ಬಂದೆ," ಎಂದ ರಾಜಶೇಖರ. ಹೊಸಿಲಲ್ಲಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬಿಸಿಲಿಗಿಳಿದ. ಗಿರಣಿಯ ಇಬ್ಬರೂ ಹಿಂದೆಯೇ ಎದ್ದರು. ಹೆಂಡತಿ ಮಾತ್ರ ಒಂದು ಗಳಿಗೆ ಕೂತಿದ್ದು, ಅನುಸೂಯಮ್ಮನ ಮುಖವನ್ನು ನೋಡಿ, ಎದ್ದು ಹೋದಳು.

ಅನುಸೂಯಮ್ಮ ಮೊದಲ ಪಂಕ್ತಿಯಲ್ಲಿ ರಾಜಶೇಖರನಿಗೊಂದು ಎಲೆ ಹಾಕಿಸಿದಳು. ಪಾಯಸ ಬಡಿಸಿದವರು ಅದಕ್ಕೂ ಬಡಿಸಿದರು. ಪಕ್ಕದ ಎಲೆಗೆ ಕೂತ ಇಂದುಧರಪ್ಪ ಕಲಸಿದ ಅನ್ನವನ್ನು ಬಾಯಿಗಿಡದೆ ಬಾಗಿಲ ಕಡೆಗೇ ನೋಡುತ್ತಿದ್ದ. ಎರಡನೆಯ ಪಂಕ್ತಿ ಎದ್ದಿತು. ರಾಜಶೇಖರ ಬರಲಿಲ್ಲ.